ನರದೌರ್ಬಲ್ಯವೆಂಬ ಶಬ್ದವೂ ಸೀಸೆಯ ಸಂಜೀವಿನಿಯೂ

ನಮ್ಮ ನಾಡಿನ ಬಸ್ಸು ನಿಲ್ದಾಣಗಳ ಗೋಡೆಗಳ ಮೇಲೆಯೂ ವಾರಪತ್ರಿಕೆಗಳ ಹಿಂಬದಿಯ ಪುಟಗಳಲ್ಲಿಯೂ ಬಹುಕಾಲದಿಂದ ಬೀಡುಬಿಟ್ಟಿರುವ ಶಬ್ದವೊಂದುಂಟು: ‘ನರದೌರ್ಬಲ್ಯ’. ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿಗಳ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳುಗಳು ಒಂದೇ ಬೀದಿಯಲ್ಲಿ ಬಾಳುವೆ ಮಾಡುತ್ತಿರುವುದರಿಂದ ಅಲ್ಲಿ ಈ ಶಬ್ದಕ್ಕೆ ಮೂರು ವೇಷಗಳು. ತೆಲುಗರು ‘ನರಾಲ ಬಲಹೀನತ’ ಎನ್ನುವರು. ತಮಿಳರು ‘ನರಂಬು ತಳರ್ಚ್ಚಿ’ ಎನ್ನುವರು. ವೇಷ ಮೂರಾದರೂ ವ್ಯಾಧಿ ಒಂದೇ, ಅದಕ್ಕೆ ಮಾರುವ ಮದ್ದೂ ಒಂದೇ. ಈ ಶಬ್ದ ಎಲ್ಲಿಂದ ಬಂದಿತು, ಅದರ ಹಿಂದೆಯೇ ಯಾವ ಯಾವ ಸೀಸೆಗಳು ಬಂದವು, ಅವುಗಳೊಳಗೆ ಏನಿದ್ದಿತು, ಗಣಿಯ ಜನರನ್ನು ನಿಜವಾಗಿ ಪೀಡಿಸಿದ ರೋಗಗಳು ಯಾವುವು ಎಂಬುದನ್ನು ಯಥಾಮತಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಶಬ್ದ ವಿಚಾರ

‘ನರ’ ಎಂಬುದು ದೇಶ್ಯಪದ. ತಮಿಳಿನ ‘ನರಂಬು’, ತೆಲುಗಿನ ‘ನರಮು’ ಇದರ ಒಡಹುಟ್ಟುಗಳು. ಮೂಲದಲ್ಲಿ ಇದಕ್ಕೆ ದೇಹದೊಳಗಿನ ಹುರಿ, ತಂತು, ರಕ್ತನಾಳ ಎಂಬಿಷ್ಟು ಅರ್ಥಗಳು. ಮಿದುಳಿನಿಂದ ಹೊರಟು ಅಂಗಾಂಗಗಳಿಗೆ ಸಂದೇಶವನ್ನು ಒಯ್ಯುವ ತಂತುವೆಂಬ ಇಂದಿನ ಅರ್ಥವು ಪಾಶ್ಚಾತ್ಯ ವೈದ್ಯದ ಸಂಸರ್ಗದಿಂದ ಬಂದುದು. ಇಂಗ್ಲಿಷಿನ ‘ನರ್ವ್’ ಪದದ ಚರಿತ್ರೆಯೂ ಹೀಗೆಯೇ ಇದೆ. ಅದರ ಮೂಲವಾದ ಲ್ಯಾಟಿನ್ನಿನ ‘ನೆರ್ವುಸ್’ ಎಂಬುದಕ್ಕೆ ಸ್ನಾಯುರಜ್ಜು, ಬಿಲ್ಲಿನ ಹೆದೆ ಎಂಬ ಅರ್ಥಗಳಿದ್ದವು.

ನಮ್ಮ ಪ್ರಾಚೀನ ವೈದ್ಯದಲ್ಲಿ ಈ ವಿಂಗಡಣೆ ಬೇರೆಯಾಗಿತ್ತು. ಸುಶ್ರುತನು ದೇಹದಲ್ಲಿ ೯೦೦ ಸ್ನಾಯುಗಳನ್ನೂ ೭೦೦ ಸಿರೆಗಳನ್ನೂ ೨೪ ಧಮನಿಗಳನ್ನೂ ಎಣಿಸಿದನು. ಕಂಪ, ಜೋಮು, ಪಕ್ಷಾಘಾತ, ನಿದ್ರಾನಾಶ ಮೊದಲಾದವು ವಾತದ ವಿಕಾರಗಳೆನಿಸಿದವು. ಚರಕನು ಅಂಥವನ್ನು ೮೦ ಎಂದು ಲೆಕ್ಕಹಾಕಿದನು. ‘ನರಗಳು ದುರ್ಬಲವಾಗಿವೆ’ ಎಂಬ ರೋಗನಾಮ ಅಲ್ಲಿ ಇರಲಿಲ್ಲ. ಸಂಸ್ಕೃತದ ‘ಸ್ನಾಯು’ವನ್ನೇ ಹಿಂದಿಯವರೂ ಬಂಗಾಳಿಗಳೂ ‘ನರ’ವೆಂಬ ಅರ್ಥಕ್ಕೆ ತೆಗೆದುಕೊಂಡರು, ನಾವು ಅದನ್ನು ಮಾಂಸಖಂಡಕ್ಕೆ ಬಿಟ್ಟುಕೊಟ್ಟು ‘ನರ’ವನ್ನು ಉಳಿಸಿಕೊಂಡೆವು.

ಇನ್ನು ಸಮಾಸದ ಮಾತು. ‘ನರ’ ಕನ್ನಡ, ‘ದೌರ್ಬಲ್ಯ’ ಸಂಸ್ಕೃತ. ಎರಡನ್ನೂ ಬೆಸೆದರೆ ಅದು ಅರಿಸಮಾಸ. ಬಿರುದಾವಳಿಗಳಲ್ಲಿಯೂ ಪೂರ್ವಕವಿಗಳ ಪ್ರಯೋಗಗಳಲ್ಲಿಯೂ ಹೊರತು ಅರಿಸಮಾಸ ಸಲ್ಲದೆಂಬುದು ಕೇಶಿರಾಜನ ಮತ. ಔಷಧದ ಜಾಹೀರಾತಾದರೋ ಆದ್ಯಂತವೂ ಬಿರುದಾವಳಿಯೇ ಆಗಿರುವುದರಿಂದ ಅಲ್ಲಿ ಅದನ್ನು ಕ್ಷಮಿಸಬಹುದು! ಆದರೆ ಇದೇ ಪದವನ್ನು ಶುದ್ಧ ಸಂಸ್ಕೃತ ಸಮಾಸವೆಂದು ಬಿಡಿಸಿದಲ್ಲಿ ‘ನರನ ದೌರ್ಬಲ್ಯ’, ಅಂದರೆ ಪುರುಷನ ಬಲಹೀನತೆ, ಎಂಬ ಅರ್ಥ ಹೊರಡುತ್ತದೆ. ವ್ಯಾಪಾರಿಗಳು ವ್ಯಾಕರಣವನ್ನು ಓದಿದವರೋ ಅಲ್ಲವೋ, ಈ ಎರಡನೆಯ ಅರ್ಥವನ್ನು ಮಾತ್ರ ಚೆನ್ನಾಗಿ ಬಲ್ಲವರು. ಹದಿಹರೆಯದ ಹುಡುಗನ ಲಜ್ಜೆಯನ್ನೂ ನವವಿವಾಹಿತನ ಅಂಜಿಕೆಯನ್ನೂ ಹಣವಾಗಿ ಮಾರ್ಪಡಿಸಿದ್ದು ಇದೇ ಶ್ಲೇಷೆ.

ರೋಗಕ್ಕೆ ನಾಮಕರಣ

ಶಬ್ದದ ತವರು ಪಶ್ಚಿಮ ದೇಶ. ೧೮೬೯ರಲ್ಲಿ ಅಮೆರಿಕದ ಜಾರ್ಜ್ ಬಿಯರ್ಡ್ ಎಂಬ ವೈದ್ಯನು ಆಯಾಸ, ತಲೆನೋವು, ನಿದ್ದೆಗೇಡು, ಅಜೀರ್ಣ, ಅಕಾರಣ ಭೀತಿ ಮುಂತಾದ ಚದುರಿದ ಲಕ್ಷಣಗಳನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿ, ಅದಕ್ಕೆ ‘ನ್ಯೂರಸ್ತೇನಿಯ’, ಎಂದರೆ ನರಗಳ ಬಲಗುಂದುವಿಕೆ, ಎಂದು ಪ್ರಚಾರಕೊಟ್ಟನು. ಉಗಿಯಂತ್ರ, ತಂತಿ, ವೃತ್ತಪತ್ರಿಕೆಗಳಿಂದ ಧಾವಂತಗೊಂಡ ಹೊಸ ನಾಗರಿಕತೆಯೇ ಇದಕ್ಕೆ ಕಾರಣವೆಂದು ಅವನ ವಾದ. ಮನುಷ್ಯನ ನರಶಕ್ತಿಯು ಬ್ಯಾಂಕಿನಲ್ಲಿಟ್ಟ ಇಡುಗಂಟಿನಂತೆ ವೆಚ್ಚವಾಗಿ ಬರಿದಾಗುವುದೆಂಬ ಕಲ್ಪನೆ ಜನರ ಮನಸ್ಸಿನಲ್ಲಿ ಬೇರೂರಿತು. ಬರಿದಾದ ಬೊಕ್ಕಸವನ್ನು ತುಂಬುವೆವೆಂದು ಔಷಧ ವ್ಯಾಪಾರಿಗಳು ಮುಂದೆ ಬಂದರು. ಯಾರಿಗೆ ತಲೆನೋವಿಲ್ಲ? ಯಾರಿಗೆ ದಣಿವಿಲ್ಲ? ಲಕ್ಷಣಗಳ ಪಟ್ಟಿಯನ್ನು ಓದಿದವನು ರೋಗಿಯಾಗದೆ ಇರುವುದೇ ಕಷ್ಟವಾಯಿತು.

ಈ ಔಷಧಗಳಿಗೆ ‘ಪೇಟೆಂಟು ಔಷಧ’ವೆಂಬ ಹೆಸರೂ ತಕ್ಕುದಲ್ಲ. ನಿಜವಾದ ಪೇಟೆಂಟನ್ನು ಪಡೆಯಬೇಕಾದರೆ ವಸ್ತುವಿನ ರಚನೆಯನ್ನು ಬಹಿರಂಗಪಡಿಸಬೇಕು. ಇವರ ಬಂಡವಾಳವೆಲ್ಲ ಗುಟ್ಟಿನಲ್ಲಿಯೇ ಇದ್ದುದರಿಂದ ಬಹುಮಂದಿ ಆ ಗೊಡವೆಗೆ ಹೋಗದೆ, ಹೆಸರನ್ನೂ ಗುರುತನ್ನೂ ಮಾತ್ರ ಕಾಪಾಡಿಕೊಂಡರು. ಇಂಗ್ಲೆಂಡಿನಲ್ಲಿ ಇಂಥ ಔಷಧಗಳ ಮೇಲೆ ಸರ್ಕಾರವು ತೆರಿಗೆ ಹಾಕಿ, ಪೊಟ್ಟಣದ ಮೇಲೆ ಮುದ್ರೆಯ ಚೀಟಿಯನ್ನು ಅಂಟಿಸುತ್ತಿತ್ತು. ತೆರಿಗೆ ಸಂದಿತೆಂಬುದಕ್ಕೆ ಮಾತ್ರ ಸಾಕ್ಷಿಯಾದ ಆ ಚೀಟಿಯನ್ನು ಮುಗ್ಧ ಜನರು ಔಷಧಕ್ಕೆ ಸರ್ಕಾರದ ಒಪ್ಪಿಗೆಯೆಂದೇ ತಿಳಿದರು.

ಸೀಸೆಯೊಳಗಿನ ಸತ್ಯ

೧೯೦೯ರಲ್ಲಿ ಬ್ರಿಟಿಷ್ ವೈದ್ಯಸಂಘವು ಈ ಗುಪ್ತೌಷಧಗಳನ್ನು ರಾಸಾಯನಿಕ ಪರೀಕ್ಷೆಗೆ ಒಳಪಡಿಸಿ, ಒಳಗಿರುವ ವಸ್ತುಗಳನ್ನೂ ಅವುಗಳ ಅಸಲು ಬೆಲೆಯನ್ನೂ ಗ್ರಂಥರೂಪವಾಗಿ ಪ್ರಕಟಿಸಿತು. ೧೯೧೨ರಲ್ಲಿ ಅದರ ಎರಡನೆಯ ಭಾಗವೂ ಹೊರಬಿದ್ದಿತು. ಅಲ್ಲಿ ಬಯಲಾದ ಸಂಗತಿಗಳು ಕುತೂಹಲಕರವಾಗಿವೆ.

ಲ್ಯಾಂಕಷೈರಿನ ಥಾಮಸ್ ಬೀಚಮ್ಮನ ಗುಳಿಗೆಗಳು ಪಿತ್ತವಿಕಾರಗಳಿಗೂ ನರವಿಕಾರಗಳಿಗೂ ರಾಮಬಾಣವೆಂದು ಹೆಸರಾಗಿದ್ದವು. ಪೆಟ್ಟಿಗೆಯೊಂದಕ್ಕೆ ಒಂದು ಗಿನಿಯ ಬೆಲೆ ಬಾಳುವುದೆಂಬ ಘೋಷಣೆ ಬೇರೆ. ಪರೀಕ್ಷಿಸಿದಾಗ ಕಂಡದ್ದು ಮೂರೇ ವಸ್ತು: ಕರಿಬೋಳ, ಶುಂಠಿ, ಸಾಬೂನು. ಕರಿಬೋಳವೆಂದರೆ ನಮ್ಮ ಬೇಲಿಗಳಲ್ಲಿ ಬೆಳೆಯುವ ಲೋಳೆಸರದ ಜಾತಿಯ ಗಿಡಗಳ ಒಣಗಿಸಿದ ರಸ, ಒಳ್ಳೆಯ ವಿರೇಚಕ. ೫೬ ಗುಳಿಗೆಗಳಿಗೆ ಹಿಡಿಯುವ ಸಾಮಗ್ರಿಯ ವೆಚ್ಚ ಅರ್ಧ ಫಾರ್ದಿಂಗು, ಎಂದರೆ ಪೆನ್ನಿಯ ಎಂಟನೆಯ ಒಂದು ಭಾಗ. ಮಾರುತ್ತಿದ್ದ ಬೆಲೆ ಹದಿಮೂರೂವರೆ ಪೆನ್ನಿ. ಸಾಮಗ್ರಿಯ ನೂರೆಂಟು ಪಟ್ಟು! ನಡುವಣ ಹಣದಲ್ಲಿ ಬಹುಭಾಗ ಜಾಹೀರಾತಿಗೆ ಹೋಗುತ್ತಿತ್ತು.

ಥಾಮಸ್ ಹಾಲೋವೆಯ ಗುಳಿಗೆಗಳ ಕಥೆ ಇದಕ್ಕಿಂತಲೂ ವಿಚಿತ್ರ. ಇವನ ಪ್ರಚಾರಪತ್ರಗಳು ಭಾರತದ ದೇಶಭಾಷೆಗಳಲ್ಲಿಯೂ ಅಚ್ಚಾದವು. ೧೮೮೩ರಲ್ಲಿ ಅವನು ತೀರಿಕೊಳ್ಳುವ ವೇಳೆಗೆ ಜಾಹೀರಾತಿಗೆ ವರ್ಷವೊಂದಕ್ಕೆ ಸುಮಾರು ೫೦,೦೦೦ ಪೌಂಡು ವ್ಯಯವಾಗುತ್ತಿತ್ತು. ಹೀಗೆ ಗಳಿಸಿದ ಸಂಪತ್ತಿನಿಂದ ಅವನು ಸ್ತ್ರೀಯರಿಗಾಗಿ ಒಂದು ದೊಡ್ಡ ವಿದ್ಯಾಲಯವನ್ನೂ, ಮಧ್ಯಮವರ್ಗದ ಮಾನಸಿಕ ರೋಗಿಗಳಿಗಾಗಿ ಒಂದು ಆಸ್ಪತ್ರೆಯನ್ನೂ ಕಟ್ಟಿಸಿದನು. ಆಸ್ಪತ್ರೆ ೧೮೮೫ರಲ್ಲಿಯೂ ವಿದ್ಯಾಲಯ ೧೮೮೬ರಲ್ಲಿಯೂ ತೆರೆದವು. ಗುಳಿಗೆಯಿಂದಲೇ ಸಕಲ ರೋಗವೂ ವಾಸಿಯಾಗುವುದಾಗಿದ್ದರೆ ಆಸ್ಪತ್ರೆಯ ಅಗತ್ಯವೇನಿದ್ದಿತು ಎಂದು ಕೇಳಬಹುದು. ಆದರೂ ದಾನದ ಫಲ ಮಾತ್ರ ಸುಳ್ಳಾಗಲಿಲ್ಲ. ಆ ವಿದ್ಯಾಲಯ ಇಂದಿಗೂ ನಡೆಯುತ್ತಿದೆ.

ಕೆನಡಾ ದೇಶದ ಜಾರ್ಜ್ ಫುಲ್ಫರ್ಡ್ ಎಂಬವನು ೧೮೯೦ರಲ್ಲಿ ೫೩ ಡಾಲರು ೧ ಸೆಂಟಿಗೆ ಒಂದು ಗುಳಿಗೆಯ ಹಕ್ಕನ್ನು ಕೊಂಡು, ‘ಡಾಕ್ಟರ್ ವಿಲಿಯಮ್ಸರ ಗುಲಾಬಿ ಗುಳಿಗೆ’ ಎಂಬ ಹೆಸರಿನಿಂದ ಲೋಕವನ್ನೆಲ್ಲ ತುಂಬಿದನು. ಪಾರ್ಶ್ವವಾಯುವಿನಿಂದ ಮಲಗಿದವರು ಎದ್ದು ನಡೆದರೆಂಬ ವರದಿಗಳು ಸುದ್ದಿಯ ರೂಪದಲ್ಲಿಯೇ ಪತ್ರಿಕೆಗಳಲ್ಲಿ ಬರುತ್ತಿದ್ದವು. ಗುಳಿಗೆಯಲ್ಲಿದ್ದ ಮುಖ್ಯ ದ್ರವ್ಯ ಕಬ್ಬಿಣದ ಲವಣ. ರಕ್ತಹೀನರಾದವರಿಗೆ ಇದರಿಂದ ಕೊಂಚ ಗುಣವಾದುದೂ ಉಂಟು. ಅರೆನಿಜವೇ ಪೂರ್ಣ ಸುಳ್ಳಿಗಿಂತ ಹೆಚ್ಚು ಕಾಲ ಬಾಳುವುದೆಂಬುದಕ್ಕೆ ಇದೊಂದು ನಿದರ್ಶನ.

‘ಫಾಸ್ಫರಿನ್’ ಎಂಬ ನರಪುಷ್ಟಿಯ ದ್ರಾವಣದಲ್ಲಿದ್ದುದು ಕ್ವಿನೈನು, ಫಾಸ್ಫಾರಿಕ್ ಆಮ್ಲ, ಕೊಂಚ ಮದ್ಯಸಾರ. ಮಿದುಳಿನಲ್ಲಿ ರಂಜಕದ ಅಂಶವಿರುವುದರಿಂದ ರಂಜಕವನ್ನು ಕುಡಿದರೆ ಬುದ್ಧಿಯೂ ನರಗಳೂ ಬಲಿಯುವುವೆಂಬ ಅಂದಿನ ತರ್ಕ ಇದಕ್ಕೆ ಆಧಾರ. ಜರ್ಮನಿಯಿಂದ ಬಂದ ‘ಸ್ಯಾನಟೋಜನ್’ ಎಂಬ ಪುಡಿಯಲ್ಲಿ ಬಹುಪಾಲು ಹಾಲಿನ ಸಸಾರಜನಕವಾದ ಕೇಸೀನು ಇದ್ದಿತು. ಇವೆರಡೂ ಅಪಾಯಕರವಲ್ಲ, ಬೆಲೆ ಮಾತ್ರ ಗುಣಕ್ಕೆ ಮೀರಿದ್ದು. ಅಪಾಯಕರವಾದುದು ‘ಕ್ಲೋರೋಡೈನ್’. ಭಾರತದ ಸೈನ್ಯದಲ್ಲಿ ವೈದ್ಯನಾಗಿದ್ದ ಕಾಲಿಸ್ ಬ್ರೌನ್ ವಾಂತಿಭೇದಿಗಾಗಿ ರೂಪಿಸಿದ ಈ ಔಷಧದಲ್ಲಿ ಅಫೀಮಿನ ಸತ್ತ್ವ, ಕ್ಲೋರೋಫಾರ್ಮು, ಭಂಗಿ ಮೂರೂ ಸೇರಿದ್ದವು. ನರಶೂಲೆಗೂ ನಿದ್ದೆಗೇಡಿಗೂ ಅದನ್ನೇ ಮಾರಿದರು. ನೋವು ಅಡಗುತ್ತಿದ್ದುದು ನಿಜ. ಅದರೊಡನೆ ಚಟ ಅಂಟಿಕೊಳ್ಳುತ್ತಿದ್ದುದೂ ನಿಜ.

ಚಿನ್ನದ ಸೀಮೆಗೆ ಬಂದ ದಾರಿ

ಕಡಲಾಚೆಯ ಈ ವಸ್ತುಗಳು ನಮ್ಮ ಒಳನಾಡನ್ನು ಮುಟ್ಟಿದ್ದು ರೈಲು ಮತ್ತು ಅಂಚೆಗಳ ಮೂಲಕ. ಮದರಾಸಿನ ಕಡೆಯಿಂದ ಜೋಲಾರಪೇಟೆಯ ಮಾರ್ಗವಾಗಿ ೧೮೬೪ರಲ್ಲಿ ಬೆಂಗಳೂರಿಗೆ ರೈಲು ಬಂದಿತು. ದಾರಿಯಲ್ಲಿದ್ದ ನಿಲ್ದಾಣಕ್ಕೆ ಅಂದಿನ ಮೈಸೂರಿನ ಕಮಿಷನರಾಗಿದ್ದ ಲೂಯಿನ್ ಬೌರಿಂಗರ ಹೆಸರಿನಿಂದ ಬೌರಿಂಗ್‌ಪೇಟೆ ಎಂದಾಯಿತು. ಅದೇ ಇಂದಿನ ಬಂಗಾರಪೇಟೆ. ಸಾಹೇಬರ ಹೆಸರು ಜನರ ಬಾಯಲ್ಲಿ ಬಂಗಾರವಾಗಿ ತಿರುಗಿದ್ದಕ್ಕೆ ನೆರೆಯ ಗಣಿಯ ಕಾಂತಿಯೇ ಕಾರಣವಿರಬೇಕು. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿಯು ಕೋಲಾರದ ಗಣಿಗಳನ್ನು ವಹಿಸಿಕೊಂಡ ಮೇಲೆ ಕೆಲಸ ಬೆಳೆದು, ೧೮೯೪ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪದವರೆಗೆ ಕವಲು ರೈಲು ಹಾಕಲಾಯಿತು. ಇತ್ತ ಅಂಚೆ ಇಲಾಖೆಯು ೧೮೭೭ರಲ್ಲಿಯೇ ವಿ.ಪಿ. ಪದ್ಧತಿಯನ್ನು ಆರಂಭಿಸಿತ್ತು. ಅಂಗಡಿಯವನ ಮುಖ ನೋಡದೆ, ವೈದ್ಯನ ಪ್ರಶ್ನೆಗೆ ಉತ್ತರಿಸದೆ, ಮನೆಯ ಬಾಗಿಲಲ್ಲಿ ಹಣ ಕೊಟ್ಟು ಮದ್ದನ್ನು ಪಡೆಯುವ ಅನುಕೂಲವಾಯಿತು. ನಾಚಿಕೆಯ ರೋಗಗಳೆಂದು ಜನ ಭಾವಿಸಿದ್ದವುಗಳ ವ್ಯಾಪಾರಕ್ಕೆ ಇದಕ್ಕಿಂತ ಉತ್ತಮ ರಾಜಮಾರ್ಗ ಬೇರೊಂದಿರಲಿಲ್ಲ.

ದೇಶೀಯ ಔಷಧಗಳವರೂ ಅದೇ ಹಾದಿಯನ್ನು ಹಿಡಿದರು. ಜಾಮನಗರದ ವೈದ್ಯಶಾಸ್ತ್ರಿ ಮಣಿಶಂಕರ ಗೋವಿಂದಜಿಯವರ ಆತಂಕನಿಗ್ರಹ ಗುಳಿಗೆಗಳ ಜಾಹೀರಾತುಗಳು ೨೦ನೆಯ ಶತಮಾನದ ಆದಿಯಲ್ಲಿ ದೇಶದ ಹಲವು ಭಾಷೆಗಳ ಪತ್ರಿಕೆಗಳಲ್ಲಿ ಹರಡಿದವು. ೧೮೯೩ರಲ್ಲಿ ಕಾಶೀನಾಥುನಿ ನಾಗೇಶ್ವರರಾಯರು ಮುಂಬಯಿಯಲ್ಲಿ ಆರಂಭಿಸಿದ ಅಮೃತಾಂಜನವು ತಲೆನೋವಿಗೆ ಹಚ್ಚುವ ಲೇಪವೆಂಬ ಮಿತವಾದ ಕೆಲಸದಿಂದಲೇ ಮನೆಮಾತಾಯಿತು. ಮಿತವಾದ ಮಾತಿಗೂ ಮಾರುಕಟ್ಟೆಯಲ್ಲಿ ಬದುಕುಂಟೆಂಬುದನ್ನು ಇದು ತೋರಿಸುತ್ತದೆ.

ಗಣಿಯ ಜನರನ್ನು ಕಾಡಿದ್ದೇನು?

ಗಣಿಯಲ್ಲಿ ಎರಡು ಲೋಕಗಳಿದ್ದವು. ಬೆಟ್ಟದ ಮೇಲಿನ ಬಂಗಲೆಗಳಲ್ಲಿ ಇಂಗ್ಲಿಷರು; ತಗಡಿನ ಹಾಗೂ ತಟ್ಟಿಯ ಸಾಲುಮನೆಗಳಲ್ಲಿ ಆರ್ಕಾಟು, ಚಿತ್ತೂರು ಮೊದಲಾದ ಸೀಮೆಗಳಿಂದ ಬಂದ ಕೂಲಿಕಾರರು. ಉಷ್ಣದೇಶದ ಬಿಸಿಲು ಬಿಳಿಯರ ನರಗಳನ್ನು ಕುಗ್ಗಿಸುವುದೆಂಬ ಸಿದ್ಧಾಂತ ಆಗ ವೈದ್ಯರಲ್ಲಿಯೂ ಪ್ರಚಲಿತವಾಗಿತ್ತು. ಬಂಗಲೆಯವರ ಬೇಸರ, ಮನೆಯ ಹಂಬಲ, ಕುಡಿತ, ಮಲೇರಿಯಾ ಎಲ್ಲಕ್ಕೂ ಅದೇ ಹೆಸರು. ಆದರೆ ನೆಲದ ಮೂರು ಸಾವಿರ ಮೀಟರಿಗೂ ಆಳಕ್ಕೆ ಇಳಿದು, ಬೆಂದ ಬಂಡೆಯ ಕಾವಿನಲ್ಲಿ ದುಡಿದವರ ನರಗಳ ಬಗೆಗೆ ಸಿದ್ಧಾಂತ ಕಟ್ಟಿದವರು ವಿರಳ.

ಆ ದುಡಿಮೆಗಾರರು ‘ಮೈಯಲ್ಲಿ ಶಕ್ತಿಯಿಲ್ಲ, ಎದೆ ಬಡಿದುಕೊಳ್ಳುತ್ತದೆ, ತಲೆ ತಿರುಗುತ್ತದೆ’ ಎನ್ನುವಲ್ಲಿ ಕಾರಣಗಳು ಗೂಢವಾಗಿರಲಿಲ್ಲ. ಮೊದಲನೆಯದು ಕೊಕ್ಕೆಹುಳು. ಬೆಚ್ಚಗಿನ ಒದ್ದೆ ಗಣಿಗಳು ಈ ಹುಳುವಿಗೆ ಮೆಚ್ಚಿನ ತಾಣ. ಕೋಲಾರಕ್ಕೆ ಅನೇಕ ಗಣಿಗಾರರನ್ನು ಕಳುಹಿಸಿದ ಕಾರ್ನ್‌ವಾಲಿನಲ್ಲಿಯೇ, ಡಾಲ್ಕೋತ್ ಎಂಬ ಗಣಿಯ ಕೆಲಸಗಾರರು ಬಿಳಿಚಿಕೊಂಡು ಸೊರಗುತ್ತಿದ್ದುದನ್ನು ೧೯೦೨ರಲ್ಲಿ ಹಾಲ್ಡೇನ್ ಎಂಬ ವಿಜ್ಞಾನಿ ಪರೀಕ್ಷಿಸಿ, ಕೊಕ್ಕೆಹುಳುವೇ ಕಾರಣವೆಂದು ತೋರಿಸಿಕೊಟ್ಟನು. ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು, ಕರುಳಿನಲ್ಲಿ ಕಚ್ಚಿಕೊಂಡು ನೆತ್ತರು ಹೀರುವ ಈ ಜಂತು ಮನುಷ್ಯನನ್ನು ಸೋಮಾರಿಯಂತೆಯೂ ನರರೋಗಿಯಂತೆಯೂ ಕಾಣಿಸುತ್ತದೆ. ಅವನಿಗೆ ಬೇಕಾದುದು ಜಂತುನಾಶಕ, ಕಬ್ಬಿಣದ ಸತ್ತ್ವ, ಶೌಚಗೃಹ, ಕಾಲಿಗೆ ಜೋಡು. ಕರಿಬೋಳದ ಭೇದಿಯಿಂದ ಅವನು ಮತ್ತಷ್ಟು ಬಸವಳಿಯುವನಷ್ಟೆ.

ಎರಡನೆಯದು ಧೂಳು. ಬೆಣಚುಕಲ್ಲನ್ನು ಕೊರೆದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಹೊಕ್ಕು ಅದನ್ನು ಗಡುಸಾಗಿಸುತ್ತದೆ. ೧೯೪೦ರಿಂದ ೧೯೪೬ರವರೆಗೆ ಕೋಲಾರ ಗಣಿಗಳಲ್ಲಿ ಏಳು ಸಾವಿರಕ್ಕೂ ಮಿಕ್ಕ ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತು. ಈ ರೋಗಕ್ಕೆ ಅಂದೂ ಮದ್ದಿರಲಿಲ್ಲ, ಇಂದೂ ಪೂರ್ಣ ಗುಣಪಡಿಸುವ ಮದ್ದಿಲ್ಲ. ಧೂಳನ್ನು ತಡೆಯುವುದೊಂದೇ ಉಪಾಯ. ಇಂಥವನು ಬಲವರ್ಧಕಕ್ಕೆ ಕೊಟ್ಟ ಪ್ರತಿಯೊಂದು ಆಣೆಯೂ ಮಕ್ಕಳ ರಾಗಿಮುದ್ದೆಯಿಂದ ಕಿತ್ತುಕೊಂಡದ್ದೇ ಆಯಿತು.

ಮೂರನೆಯದು ಭಯ. ಆಳದ ಗಣಿಗಳಲ್ಲಿ ಒತ್ತಡಕ್ಕೆ ಸಿಕ್ಕಿದ ಬಂಡೆ ಮುನ್ಸೂಚನೆಯಿಲ್ಲದೆ ಸಿಡಿಯುತ್ತಿತ್ತು; ಮೇಲಿನ ಮನೆಗಳೂ ನಡುಗುತ್ತಿದ್ದವು. ಶಾಫ್ಟಿಗೆ ಇಳಿದ ಗಂಡ ಮರಳಿ ಬರುವನೇ ಎಂದು ಕಾಯುವ ಹೆಂಗಸಿನ ಎದೆಬಡಿತವನ್ನೂ, ಜೊತೆಗಾರನ ಸಾವನ್ನು ಕಣ್ಣಾರೆ ಕಂಡವನ ನಿದ್ದೆಗೇಡನ್ನೂ ನರಗಳ ನ್ಯೂನತೆಯೆನ್ನುವುದು ಅನ್ಯಾಯ. ಅವರ ನರಗಳು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದವು. ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ೧೯೦೨ರಲ್ಲಿ ಈ ಗಣಿಗಳಿಗೆ ಹರಿದುಬಂದಿತು. ವಿದ್ಯುತ್ತಿನ ಸೊಂಟಪಟ್ಟಿಯನ್ನು ಕಟ್ಟಿಕೊಂಡರೆ ನರಗಳು ಚೇತರಿಸುವುವೆಂದು ಲಂಡನ್ನಿನಲ್ಲಿ ಮಾರಿದ್ದು ಅದಕ್ಕೂ ಹಿಂದೆ. ನಿಜವಾದ ವಿದ್ಯುತ್ತು ಗಣಿಯ ಯಂತ್ರಗಳನ್ನು ನಡೆಸಿ ಉಪಕರಿಸಿತು. ಪಟ್ಟಿಯ ವಿದ್ಯುತ್ತು ಮಾರಿದವನಿಗೆ ಮಾತ್ರ ಉಪಕರಿಸಿತು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದ ಬಳಿಕ ನಿರುದ್ಯೋಗದ ಚಿಂತೆಯೂ ಈ ಪಟ್ಟಿಗೆ ಸೇರಿತು. ಅದಕ್ಕೂ ಸೀಸೆಯಲ್ಲಿ ಮದ್ದಿಲ್ಲ.

ಹೀಗೆ ಹುಳು, ಧೂಳು, ಭಯ, ಬಡತನ ಎಂಬ ನಾಲ್ಕು ಬೇರೆ ಬೇರೆ ಸಂಕಟಗಳನ್ನು ‘ನರದೌರ್ಬಲ್ಯ’ವೆಂಬ ಒಂದೇ ಹೊದಿಕೆ ಮುಚ್ಚಿಬಿಟ್ಟಿತು. ಈ ಔಷಧಗಳಿಂದಾದ ದೊಡ್ಡ ಹಾನಿ ಹಣದ್ದಲ್ಲ; ನಿಜವಾದ ಕಾರಣವನ್ನು ಹುಡುಕುವ ಕಾಲ ಕಳೆದುಹೋಯಿತು, ದೋಷವು ಗಣಿಯ ಗಾಳಿಯಿಂದ ಜಾರಿ ರೋಗಿಯ ದೇಹದ ಮೇಲೆಯೇ ಬಿದ್ದಿತು.

ಕಾನೂನಿನ ಕಟ್ಟು

ಇಂಗ್ಲೆಂಡಿನ ಪಾರ್ಲಿಮೆಂಟು ನೇಮಿಸಿದ ವಿಚಾರಣಾ ಸಮಿತಿಯ ಕಟುವಾದ ವರದಿ ಹೊರಬಿದ್ದದ್ದು ೧೯೧೪ರ ಆಗಸ್ಟ್ ೪ರಂದು; ಅಂದೇ ಮಹಾಯುದ್ಧ ಘೋಷಣೆಯಾಗಿ ವರದಿ ಮೂಲೆಗೆ ಬಿದ್ದಿತು. ಭಾರತದಲ್ಲಿ ೧೯೩೦–೩೧ರಲ್ಲಿ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯ ಸಮಿತಿಯು ಔಷಧಗಳ ಸ್ಥಿತಿಯನ್ನು ವಿಚಾರಿಸಿತು. ೧೯೪೦ರಲ್ಲಿ ಔಷಧ ಕಾಯಿದೆ ಬಂದಿತು. ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು ೧೯೫೪ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆ. ಯಾವ ರೋಗಗಳನ್ನು ಗುಣಪಡಿಸುವೆವೆಂದು ಜಾಹೀರಾತು ಕೊಡಬಾರದೋ ಆ ರೋಗಗಳ ಅನುಸೂಚಿ ಅದರಲ್ಲಿದೆ. ಉನ್ಮಾದ, ಅಪಸ್ಮಾರ, ಪಾರ್ಶ್ವವಾಯುಗಳ ಜೊತೆಗೆ ‘ನರದೌರ್ಬಲ್ಯ’ವೂ ಅಲ್ಲಿ ಹೆಸರಿಸಲ್ಪಟ್ಟಿದೆ. ಅಂದರೆ ಗೋಡೆಯ ಮೇಲೆ ಆ ವಾಗ್ದಾನವನ್ನು ಬರೆಸುವುದೇ ಅಪರಾಧ. ಕಾನೂನು ಬಂದು ಎಪ್ಪತ್ತು ವರ್ಷ ಸಂದರೂ ಬರಹ ಅಳಿದಿಲ್ಲ. ಗೋಡೆಯಿಂದ ಕೈಯಲ್ಲಿನ ಫೋನಿಗೆ ಏರಿ ಕುಳಿತಿದೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಗುಟ್ಟಿನ ಮದ್ದು ಪರದೇಶದ ಸೊತ್ತು ಮಾತ್ರವಲ್ಲ. ಹೇಳಿದರೆ ಮದ್ದಿನ ಗುಣ ಹೋಗುವುದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿಯೂ ಇದೆ. ಆದರೆ ನಮ್ಮ ಶಾಸ್ತ್ರಕಾರರ ರೂಢಿ ಬೇರೆ. ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣಗಳಂಥ ಕನ್ನಡ ವೈದ್ಯಗ್ರಂಥಗಳು ಮದ್ದಿನ ದ್ರವ್ಯಗಳನ್ನು ಓದಬಲ್ಲವರೆಲ್ಲರ ಮುಂದೆ ತೆರೆದಿಟ್ಟವು. ವಿದ್ಯೆ ಗುಟ್ಟಾಗಿರಬಾರದೆಂಬುದೇ ಅವುಗಳ ತಾತ್ಪರ್ಯ.

ಇಂದಿನ ಕರ್ತವ್ಯ

ನಿಜವಾದ ನರರೋಗಗಳೂ ಮನೋರೋಗಗಳೂ ಇವೆ. ಅವುಗಳಿಗೆ ಚಿಕಿತ್ಸೆಯೂ ಇದೆ. ಬಂಗಾರಪೇಟೆಯಿಂದ ರೈಲಿನಲ್ಲಿ ತಲಪಬಹುದಾದ ಬೆಂಗಳೂರಿನಲ್ಲಿಯೇ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಗಿ, ೧೯೭೪ರಲ್ಲಿ ಅದೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ ಒಂದುಗೂಡಿ ನಿಮ್ಹಾನ್ಸ್ ಆಯಿತು. ೨೦೨೨ರಿಂದ ಸರ್ಕಾರವು ನಡೆಸುತ್ತಿರುವ ಟೆಲಿ ಮಾನಸ್ ಸೇವೆಗೆ ೧೪೪೧೬ ಎಂಬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಸಂಕಟವನ್ನು ಹೇಳಿಕೊಳ್ಳಬಹುದು. ಶುಲ್ಕವಿಲ್ಲ. ನಾಚಿಕೆಗೂ ಅವಕಾಶವಿಲ್ಲ.

ಉಪಾಧ್ಯಾಯ ಬಂಧುಗಳು ಭಾಷಾಪಾಠದಲ್ಲಿಯೇ ಒಂದು ಜಾಹೀರಾತನ್ನು ಕರಿಹಲಗೆಯ ಮೇಲೆ ಬರೆದು ಮಕ್ಕಳಿಂದ ಅನ್ವಯಮಾಡಿಸಬಹುದು. ಒಳಗೇನಿದೆಯೆಂದು ಹೇಳಿದೆಯೇ? ಒಂದೇ ಮದ್ದು ಎಷ್ಟು ರೋಗಗಳಿಗೆ? ಗುಣವಾಯಿತೆಂದು ಹೇಳುವವರು ಯಾರು? ಹೇಳಿದವರಿಗೆ ಅದರಿಂದ ಲಾಭವುಂಟೇ? ಈ ನಾಲ್ಕು ಪ್ರಶ್ನೆಗಳನ್ನು ಕೇಳಲು ಕಲಿತ ಹುಡುಗ, ಹದಿನಾರರ ವಯಸ್ಸಿನಲ್ಲಿ ತನ್ನ ದೇಹದ ಸಹಜ ಬದಲಾವಣೆಗಳನ್ನು ರೋಗವೆಂದು ಹೆದರಿ, ಊಟದ ದುಡ್ಡನ್ನು ಗುಟ್ಟಾಗಿ ಸೀಸೆಗೆ ಸುರಿಯಲಾರನು.

ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಒಂದು ವಿಜ್ಞಾಪನೆ. ಇಂದು ಶಾಲೆಗಳಲ್ಲಿ ಸರ್ಕಾರವು ಚಿಕ್ಕ ಮಕ್ಕಳಿಗೆ ಕಬ್ಬಿಣಾಂಶದ ಗುಲಾಬಿ ಬಣ್ಣದ ಗುಳಿಗೆಯನ್ನೂ, ಹದಿಹರೆಯದವರಿಗೆ ನೀಲಿ ಗುಳಿಗೆಯನ್ನೂ ವಾರಕ್ಕೊಮ್ಮೆ ಕೊಡಿಸುತ್ತಿದೆ. ೨೦೧೫ರಿಂದ ಜಂತುನಿವಾರಣಾ ದಿನವನ್ನು ನಡೆಸುತ್ತಿದೆ. ಫುಲ್ಫರ್ಡನ ಗುಲಾಬಿ ಗುಳಿಗೆಯಲ್ಲಿಯೂ ಕಬ್ಬಿಣವೇ ಇದ್ದಿತು, ಈ ಗುಲಾಬಿ ಗುಳಿಗೆಯಲ್ಲಿಯೂ ಕಬ್ಬಿಣವೇ ಇದೆ. ಅದು ಪಾರ್ಶ್ವವಾಯುವನ್ನು ಓಡಿಸುವೆನೆಂದು ಹೇಳಿ ಹಣ ಪಡೆಯಿತು. ಇದು ರಕ್ತಹೀನತೆಗೆಂದು ಮಾತ್ರ ಹೇಳಿ, ಪ್ರಮಾಣವನ್ನು ತಿಳಿಸಿ, ಉಚಿತವಾಗಿ ಮಗುವಿನ ಅಂಗೈಗೆ ಬರುತ್ತದೆ. ಆ ಗುಳಿಗೆಯ ಜೊತೆಗೆ ಹೊಟ್ಟೆತುಂಬ ಊಟವೂ ಶುಚಿಯಾದ ಶೌಚಗೃಹವೂ ಕಾಲಿಗೆ ಜೋಡೂ ಒದಗುವಂತೆ ಮಾಡುವುದು ದಾನಿಗಳ ಕೈಯಲ್ಲಿದೆ. ‘ನರದೌರ್ಬಲ್ಯ’ವೆಂಬ ಶಬ್ದವು ಆಗ ಗೋಡೆಯಿಂದಿಳಿದು, ಅರಿಸಮಾಸಕ್ಕೆ ಉದಾಹರಣೆಯಾಗಿ ವ್ಯಾಕರಣದ ಪುಸ್ತಕದಲ್ಲಿ ಮಾತ್ರ ಉಳಿದುಕೊಳ್ಳಲಿ.